ಚಳಿಗೆ ಒದಗಿದ ಮುಂಗೋಪಿ

ಬಿಸಿಯಾಗುವ ಮೋಟರನ್ನು ನಂಬಬಾರದು ಎನ್ನುವುದು ಲಿಫ್ಟ್ ರಿಪೇರಿಯವನ ಕಸುಬಿನ ಮೊದಲ ಪಾಠ. ಕಟ್ಟಡದ ನೆತ್ತಿಯ ಮೇಲಿನ ಮೋಟರ್ ಕೋಣೆಗೆ ಹೋದವನೇ ಅವನು ಅಂಗೈಯನ್ನು ಅದರ ಬೆನ್ನ ಮೇಲಿಡುತ್ತಿದ್ದ, ಮಗುವಿನ ಹಣೆ ಮುಟ್ಟಿ ನೋಡಿದ ಹಾಗೆ. ಬೆಚ್ಚಗಿದ್ದರೆ ಸರಿ, ಚುರುಕ್ಕೆಂದರೆ ಆ ಮೋಟರಿನ ಆಯಸ್ಸು ಮುಗಿಯಿತೆಂದೇ ಲೆಕ್ಕ. ಆ ಅಂಗೈ ಇಷ್ಟು ವರ್ಷ ಮನೆಗೆ ಅನ್ನ ತಂದಿತ್ತು. ರಜದ ದಿನ ಮಗಳ ಜೊತೆ ಕಂಪ್ಯೂಟರ್ ಅಂಗಡಿಗೆ ಹೊರಟಾಗ ಅದನ್ನು ಮನೆಯಲ್ಲಿ ಬಿಟ್ಟು ಹೋಗಲಾಗುತ್ತದೆಯೇ?

ಅಂಗಡಿಯ ಹಿಂದಿನ ಕೋಣೆಯಲ್ಲಿ ಅವತ್ತು ಓವರ್‌ಕ್ಲಾಕಿಂಗ್ ಪಂದ್ಯ. ಕಂಪ್ಯೂಟರಿನ ಮಿದುಳಾದ ಪ್ರೊಸೆಸರನ್ನು ಅದರ ಡಬ್ಬದ ಮೇಲೆ ಬರೆದ ವೇಗಕ್ಕಿಂತ ಜೋರಾಗಿ ಓಡಿಸಬೇಕು, ಅಷ್ಟೇ ಆಟ. ಏಳು ಗಿಗಾಹರ್ಟ್ಸ್ ದಾಟಿದವರಿಗೆ ದೊಡ್ಡ ಪಂದ್ಯಕ್ಕೆ ಹೋಗುವ ತಂಡದಲ್ಲಿ ಉಳಿದಿದ್ದ ಒಂದೇ ಒಂದು ಜಾಗ. ಬೆಳಗಿನಿಂದ ಆಡಿದವರೆಲ್ಲ ಹೊಸ್ತಿಲವರೆಗೆ ಹೋಗಿ ಮುಗ್ಗರಿಸಿದ್ದರು. ಹೋದ ವರ್ಷ ಮಗಳೂ ಹಾಗೇ ಕೂದಲೆಳೆಯಲ್ಲಿ ಸೋತು ಬಂದು, ವಾರವಿಡೀ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಈ ವರ್ಷ ಆಡುವವರಲ್ಲಿ ಅವಳೇ ಕೊನೆಯವಳು. ಜೊತೆಗೆ ಬರಬೇಕಾದ ಗೆಳತಿ ಜ್ವರ ಬಂದು ಮಲಗಿದ್ದರಿಂದ ಆ ಕೆಲಸವನ್ನು ಅಪ್ಪನ ಕೊರಳಿಗೆ ಕಟ್ಟಿದ್ದಳು.

“ನಂಗೇನು ಗೊತ್ತು ಇದೆಲ್ಲ?” ಎಂದು ಅವನು ಗೊಣಗಿದ್ದ.

“ನಿಂಗೇನೂ ಗೊತ್ತಿರಬೇಕಾಗಿಲ್ಲ. ಹಾಕು ಅಂದ್ರೆ ಹಾಕು, ಸಾಕು ಅಂದ್ರೆ ನಿಲ್ಲಿಸು. ಅಮ್ಮ ಸಾಂಬಾರ್ ಬಡಿಸೋವಾಗ ನೀನು ಅಂತೀಯಲ್ಲ, ಹಂಗೆ.”

ಅಂಗಡಿಯಾಕೆ ಒಂದು ತಟ್ಟೆ ತಂದಿಟ್ಟಳು. ಬಿಸ್ಕತ್ತಿನಷ್ಟಗಲದ ಆರು ಪ್ರೊಸೆಸರುಗಳು. “ನೋಡಿ ಆರಿಸ್ಕೋ ತಾಯಿ. ಆಮೇಲೆ ಅಕ್ಕ ಕೆಟ್ಟದ್ದು ಕೊಟ್ಲು ಅನ್ಬೇಡ. ಆಟದ ಮಧ್ಯೆ ಒಂದೇ ಒಂದು ಸಲ ಬದಲಾಯಿಸಬಹುದು.”

ಅಪ್ಪ ಬಗ್ಗಿ ನೋಡಿದ. “ಎಲ್ಲಾದರ ಮೇಲೂ ಒಂದೇ ಹೆಸರಿದೆ. ಆರಿಸೋಕೇನಿದೆ ಇದರಲ್ಲಿ?”

“ಒಂದೇ ಹೊಟ್ಟೇಲಿ ಹುಟ್ಟಿದ್ರಿ ಅಂತ ನೀನೂ ಚಿಕ್ಕಪ್ಪನೂ ಒಂದೇನಾ?”

“ಥೂ, ಅವನೆಲ್ಲಿ, ನಾನೆಲ್ಲಿ!”

“ಅವರೂ ಹಿಂಗೇ ಅಂತಾರೆ.” ಮಗಳು ನಕ್ಕು ಒಂದನ್ನು ಬೆಳಕಿಗೆ ಹಿಡಿದಳು. “ಇದರೊಳಗಿನ ಗೆರೆ ಎಷ್ಟು ಸಣ್ಣ ಗೊತ್ತಾ? ನಿನ್ನ ತಲೆಕೂದಲನ್ನ ಸಾವಿರ ಸೀಳು ಸೀಳಿದ್ರೂ ಆ ಗೆರೆಗಿಂತ ದಪ್ಪಾನೇ. ಅಂಥ ಗೆರೆ ಕೋಟಿ ಕೋಟಿ ಬರೆಯೋವಾಗ ಒಂದೊಂದರಲ್ಲೂ ಒಂಚೂರು ಆಚೆ ಈಚೆ ಆಗುತ್ತೆ. ಅದೇ ಇದರ ಹಣೆಬರಹ. ಯಾವುದು ಎಷ್ಟು ಓಡುತ್ತೆ ಅಂತ ಮಾಡಿದೋರಿಗೂ ಪೂರ್ತಿ ಗೊತ್ತಿಲ್ಲ.”

ತನಗಿದ್ದ ನಾಲ್ಕು ಕೂದಲಿನ ಮೇಲೆ ಅಪ್ಪ ಸುಮ್ಮನೆ ಕೈಯಾಡಿಸಿಕೊಂಡ. ಅಷ್ಟು ಸಣ್ಣದನ್ನು ಮನುಷ್ಯರು ಬರೆದದ್ದಾದರೂ ಹೇಗೆ?

ಮಗಳು ಒಂದೊಂದನ್ನೇ ಮೇಜಿನ ಮೇಲಿನ ಬೋರ್ಡಿಗೆ ಕೂರಿಸಿ, ಫ್ಯಾನ್ ಹಚ್ಚಿ ಓಡಿಸಿದಳು. ನಾಲ್ಕು ಅಲ್ಲಲ್ಲೇ ಸುಸ್ತಾದವು. ಉಳಿದ ಎರಡಕ್ಕೆ ಅವಳೇ ಹೆಸರಿಟ್ಟಳು. ಒಂದು ‘ಸಾಧು’, ಎಷ್ಟು ಓಡಿಸಿದರೂ ಮೈ ಬಿಸಿಯಾಗದು. ಇನ್ನೊಂದು ‘ಮುಂಗೋಪಿ’, ಓಡತೊಡಗಿದ ಕೂಡಲೇ ಕುದಿಯಿತು. ಅಪ್ಪನ ಅಂಗೈ ತಾನಾಗಿ ಫ್ಯಾನಿನ ಕೆಳಗಿನ ಲೋಹದ ರೆಕ್ಕೆಗಳನ್ನು ಮುಟ್ಟಿತು, ಚಟ್ಟನೆ ಹಿಂದೆ ಬಂತು.

“ಆದ್ರೆ ಅಪ್ಪಾ,” ಮಗಳು ತುಟಿ ಕಚ್ಚಿದಳು, “ಮುಂಗೋಪಿ ಕಡಿಮೆ ವೋಲ್ಟೇಜಿಗೇ ಅಷ್ಟು ವೇಗ ಓಡ್ತಿದೆ. ಸಾಧು ಜಾಸ್ತಿ ಕೇಳ್ತಿದೆ. ಯಾಕೋ ನಂಗೆ…”

“ಪುಟ್ಟೀ, ಒಂದು ಮಾತು ಕೇಳು. ಇಷ್ಟು ವರ್ಷದಲ್ಲಿ ಬಿಸಿಯಾಗೋ ಮಷೀನು ಉದ್ಧಾರವಾಗಿದ್ದನ್ನ ನಾನು ನೋಡಿಲ್ಲ. ತಣ್ಣಗಿರೋದನ್ನ ಹಿಡಿ.”

ಅವಳು ಅರೆಗಳಿಗೆ ಅಪ್ಪನ ಅಂಗೈಯನ್ನೇ ನೋಡಿದಳು. ಜ್ವರ ಬಂದಾಗೆಲ್ಲ ತನ್ನ ಹಣೆಯ ಮೇಲಿದ್ದ ಅಂಗೈ. ಸಾಧುವನ್ನೇ ಎತ್ತಿಕೊಂಡಳು.

ಬೋರ್ಡಿಗೆ ತೇವ ತಾಗದಂತೆ ಸುತ್ತಲೂ ವ್ಯಾಸಲೀನ್ ಸವರಿ, ಪ್ರೊಸೆಸರಿನ ನೆತ್ತಿಗೆ ತಾಮ್ರದ ಚೊಂಬಿನಂಥದ್ದೊಂದನ್ನು ಬಿಗಿದದ್ದಾಯಿತು. ಅಪ್ಪನ ಕೈಗೆ ದಪ್ಪ ಕೈಗವಸು, ಓಟದ ಬಿಸಿ ನುಂಗಲು ಹಿಮಕ್ಕಿಂತಲೂ ತಣ್ಣನೆಯ ದ್ರವ ನೈಟ್ರೋಜನ್ ತುಂಬಿದ ಫ್ಲಾಸ್ಕು. “ಹಾಕು,” ಎಂದಳು. ಅವನು ಬಗ್ಗಿಸಿದ. ಚೊಂಬು ಬುಸುಗುಟ್ಟಿತು. ಬಿಳಿ ಹೊಗೆ ಮೇಜಿನಿಂದ ಇಳಿದು ಅವನ ಚಪ್ಪಲಿಗಳನ್ನು ಮುಚ್ಚಿತು. ಸೊನ್ನೆ ಡಿಗ್ರಿ, ಮೈನಸ್ ಮೂವತ್ತು, ಮೈನಸ್ ಅರವತ್ತು. ತೆರೆಯ ಮೇಲೆ ವೇಗ ಆರು ದಾಟಿತು. ಮೈನಸ್ ತೊಂಬತ್ತರ ಹತ್ತಿರ ತೆರೆ ಫಕ್ಕನೆ ಕಪ್ಪಾಯಿತು.

ಬಿಸಿಗಾಳಿ ಊದಿ ಎಬ್ಬಿಸಿದರು. ಮತ್ತೆ ಮೈನಸ್ ತೊಂಬತ್ತು, ಮತ್ತೆ ಕಪ್ಪು. ಮೂರನೆಯ ಸಲವೂ ಅಷ್ಟೇ.

“ಚಳಿ ತಡೀತಿಲ್ಲ ಅದಕ್ಕೆ,” ಎಂದಳು ಅಂಗಡಿಯಾಕೆ. “ಕೆಲವು ಹಂಗೇ. ಒಂದು ಮಟ್ಟ ದಾಟಿದ್ರೆ ಮರಗಟ್ಟಿ ಹೋಗ್ತವೆ.”

ಮಗಳು ಕುರ್ಚಿಗೆ ಒರಗಿದಳು. ಮುಖ ಹೋದ ವರ್ಷದ ಬಣ್ಣಕ್ಕೆ ತಿರುಗುತ್ತಿತ್ತು. ಅಪ್ಪ ಫ್ಲಾಸ್ಕನ್ನು ಮೇಜಿನ ಮೇಲಿಟ್ಟ. ಮೋಟರ್ ಕೋಣೆಯ ಪಾಠವನ್ನು ಇಲ್ಲಿಗೆ ಹೊತ್ತು ತಂದವನು ತಾನು. ಮಗಳ ಬಾಯಿಗೆ ಬಂದ ತುತ್ತನ್ನು ತಾನೇ ತಟ್ಟಿ ಬೀಳಿಸಿದ್ದ.

“ಪುಟ್ಟೀ, ನನ್ನಿಂದ…”

“ಇರಪ್ಪ.” ಅವಳು ಕಣ್ಣು ಮುಚ್ಚಿಕೊಂಡೇ ಕೈಯೆತ್ತಿದಳು. “ಬಿಸಿಯಲ್ಲಿ ಆರಿಸಿ ಚಳಿಗೆ ಕಳಿಸ್ಬಿಟ್ವಿ. ಆರಿಸಿದ್ದು ಫ್ಯಾನಿನ ಕೆಳಗೆ, ಓಡಬೇಕಾಗಿರೋದು ಹಿಮದಲ್ಲಿ. ಮುಂಗೋಪಿ ಬಿಸಿಯಾಗೋದು ಅದರೊಳಗೆ ಕರೆಂಟು ಸೋರೋದ್ರಿಂದ. ಚಳಿಯಲ್ಲಿ ಆ ಸೋರಿಕೆ ನಿಲ್ಲುತ್ತೆ. ಆಮೇಲೆ ಉಳಿಯೋದು ಬರೀ ಓಟ.” ಕಣ್ಣು ತೆರೆದಳು. “ಓದಿದ್ದೆ ಕಣಪ್ಪ. ಆರಿಸೋ ಹೊತ್ತಿಗೆ ಮರೆತೆ. ಅಕ್ಕಾ, ಬದಲಾಯಿಸ್ತೀನಿ!”

ಸಾಧುವನ್ನು ಇಳಿಸಿ, ನೀರೊರೆಸಿ, ವ್ಯಾಸಲೀನ್ ಮತ್ತೆ ಸವರಿ, ಅವಳು ಮುಂಗೋಪಿಯನ್ನು ಕೂರಿಸಿದಳು. ಅಪ್ಪ ಟಾರ್ಚ್ ಹಿಡಿದು ನಿಂತ.

“ಹಾಕು.”

ಹಾಕಿದ. ಮೈನಸ್ ಅರವತ್ತು. ಮೈನಸ್ ತೊಂಬತ್ತು. ಅಪ್ಪ ಫ್ಲಾಸ್ಕನ್ನು ಹಾಗೇ ಹಿಡಿದು ತೆರೆ ನೋಡಿದ. ಅದು ಕಪ್ಪಾಗಲಿಲ್ಲ.

“ಹಾಕು. ಹಾಕು. ನಿಧಾನ… ಹಾಕು.”

ಮೈನಸ್ ನೂರೈವತ್ತು. ತಾಮ್ರದ ಮೈಮೇಲೆ ಹಿಮ ಮೊಳೆಯತೊಡಗಿತು. ಮೊದಲು ಬೂದಿ ಸವರಿದಂತೆ, ಆಮೇಲೆ ಪಾಚಿಯಂತೆ, ಕೊನೆಗೆ ಗರಿಗರಿಯಾಗಿ. ಮುಂಗೋಪಿ ಸಿಟ್ಟೆಲ್ಲ ಇಳಿದ ಮನುಷ್ಯನಂತೆ ಸದ್ದಿಲ್ಲದೆ ಓಡುತ್ತಿತ್ತು. ಆರು ಪಾಯಿಂಟ್ ಎಂಟು. ಆರು ಪಾಯಿಂಟ್ ಒಂಬತ್ತು.

“ಏಳು ಅಂದ್ರೆ ಎಷ್ಟು ಪುಟ್ಟೀ?” ಅಪ್ಪ ಪಿಸುಗುಟ್ಟಿದ.

“ಸೆಕೆಂಡಿಗೆ ಏಳ್ನೂರು ಕೋಟಿ ಮಿಡಿತ. ನೀನು ಒಂದ್ಸಲ ರೆಪ್ಪೆ ಬಡಿದು ತೆಗೆಯೋದ್ರಲ್ಲಿ ಅದು ನೂರು ಕೋಟಿ ಸಲ ಮಿಡಿದಿರುತ್ತೆ.”

ಅವನಿಗೆ ರೆಪ್ಪೆ ಬಡಿಯಲು ಭಯವಾಯಿತು. ಇಷ್ಟು ವರ್ಷ ಅವನು ಏರಿಸಿ ಇಳಿಸಿದ ಮಹಡಿಗಳನ್ನೆಲ್ಲ, ಹುಟ್ಟಿದಾಗಿನಿಂದ ತನ್ನ ಎದೆ ಹೊಡೆದುಕೊಂಡದ್ದನ್ನೆಲ್ಲ ಕೂಡಿಸಿದರೂ ಆ ಬಿಸ್ಕತ್ತಿನಷ್ಟಗಲದ್ದರ ಒಂದು ಗಳಿಗೆಗೆ ಸಾಟಿಯಾಗದು. ಅಂಥದ್ದೊಂದು ಅವನ ಕೈಯಳತೆಯಲ್ಲಿ ಹಿಮ ಹೊದ್ದು ಮಿಡಿಯುತ್ತಿತ್ತು. ಅದನ್ನು ಓಡಿಸುತ್ತಿದ್ದವಳು ನಿನ್ನೆ ಮೊನ್ನೆಯವರೆಗೆ ಶೂ ಲೇಸ್ ಕಟ್ಟಿಸಿಕೊಳ್ಳಲು ಕಾಲು ಚಾಚುತ್ತಿದ್ದ ಹುಡುಗಿ.

“ಒಂದೇ ತೊಟ್ಟು. ಸಾಕು!”

7.02. ಮಗಳ ಬೆರಳು ಚಟ್ಟನೆ ದಾಖಲೆಯ ಗುಂಡಿ ಒತ್ತಿತು. ಅಂಕಿ ದಾಖಲಾಯಿತು, ಮರುಗಳಿಗೆಯೇ ತೆರೆ ಕಪ್ಪಾಯಿತು. ಕಪ್ಪಾದರೆ ಆಗಲಿ; ಕೋಣೆ ಆಗಲೇ ಕೇಕೆಯಿಂದ ತುಂಬಿತ್ತು. ಅಂಗಡಿಯಾಕೆ ಮಗಳ ಬೆನ್ನಿಗೊಂದು ಗುದ್ದಿ, “ಜಾಗ ನಿಂದೇ ಕಣೇ!” ಎಂದಳು.

ಅಪ್ಪ ಫ್ಲಾಸ್ಕ್ ಕೆಳಗಿಟ್ಟು ಕೈಗವಸು ಕಳಚಿದ. ಹಳೆಯ ಚಾಳಿ, ಅಂಗೈ ತಾನಾಗಿ ಚೊಂಬಿನ ಬೆನ್ನಿನ ಕಡೆ ಚಾಚಿತು.

“ಅಪ್ಪಾ! ಮುಟ್ಬೇಡ! ಚರ್ಮ ಅಂಟ್ಕೊಂಡು ಕಿತ್ತು ಬರುತ್ತೆ!”

ಅವನು ಕೈ ಹಿಂದಕ್ಕೆಳೆದುಕೊಂಡ. ಹಿಮದ ಗರಿಗಳು ಬೆಳಕಿಗೆ ಮಿನುಗುತ್ತಿದ್ದವು. ಮುಟ್ಟಿ ನೋಡಿ ತಿಳಿಯಲಾಗದ್ದರ ಎದುರು ಏನು ಮಾಡಬೇಕೆಂದು ಆ ಅಂಗೈಗೆ ಯಾರೂ ಕಲಿಸಿರಲಿಲ್ಲ. ಅದನ್ನು ಇನ್ನೊಂದು ಕೈಯಲ್ಲಿ ಹಿಡಿದು ಬೆನ್ನ ಹಿಂದೆ ಕಟ್ಟಿಕೊಂಡು, ತರಗತಿಯ ಹೊರಗೆ ನಿಂತ ಹುಡುಗನಂತೆ ಅವನು ನೋಡುತ್ತ ನಿಂತ.