ಮಿಸೆಸ್ ಟಿಲ್ಮನ್ ಅವರ ಸಹಿ

ಅಮೆರಿಕದ ಗ್ರೀನ್‌ಲೀಗೆ ಸಮುದಾಯ ಕಾಲೇಜು ಬರಬೇಕಾದರೆ ಊರಿನ ಐನೂರು ನಿವಾಸಿಗಳ ಸಹಿ ಬೇಕಿತ್ತು. ಬಿಳಿಯರ ಬೀದಿಗಳಲ್ಲಿ ಲೆಕ್ಕ ನಾನೂರಕ್ಕೇ ನಿಂತಿತು. ಆಗ ಸಮಿತಿಯ ಕೆಟರ್ಲಿಂಗ್‌ಗೆ ರೈಲುಹಳಿಯಾಚೆಯ ಕಪ್ಪು ಜನರ ಕೇರಿ ನೆನಪಾಯಿತು.

ಅಲ್ಲಿ, ಬಿಳಿಯರ ಮನೆಗೆಲಸ ಮಾಡುತ್ತಿದ್ದ ಅರ್ಡೀಲಿಯಾ ಟಿಲ್ಮನ್‌ಳ ಜಗಲಿಯಲ್ಲಿ, ಅವನು ಟೋಪಿ ತೆಗೆದು ಕುಳಿತ. "ಮಿಸೆಸ್ ಟಿಲ್ಮನ್, ನೀವು ಚರ್ಚಲ್ಲಿ ಒಂದ್ ಮಾತು ಹೇಳಿದ್ರೆ ಎಲ್ಲಾರೂ ಸಹಿ ಹಾಕ್ತಾರೆ. ಇದು ನಮ್ಮೆಲ್ಲರ ಕಾಲೇಜು ಕಣ್ರೀ."

ನಲವತ್ತೆಂಟು ವರ್ಷದಲ್ಲಿ ಯಾವ ಬಿಳಿಯನೂ ಅವಳನ್ನು ಮಿಸೆಸ್ ಎಂದಿರಲಿಲ್ಲ. ಅವಳು ಎತ್ತಿ ಆಡಿಸಿದ ಬಿಳಿಯರ ಮಕ್ಕಳ ಬಾಯಲ್ಲೂ ಅವಳು ಬರೀ ಅರ್ಡೀಲಿಯಾ. ಆ ಒಂದು ಮಾತಿಗೆ ಮರುಳಾದಳು. ಮಗಳು ವರ್ಲೀನ್ ಊರಲ್ಲೇ ನರ್ಸ್ ಓದು ಓದಬಹುದೆಂಬ ಆಸೆ ಬೇರೆ. ಮೊದಲ ಸಹಿ ತಾನೇ ಹಾಕಿ, ಮೂರು ಭಾನುವಾರ ಓಡಾಡಿ ನೂರಾ ಹನ್ನೆರಡು ಕೂಡಿಸಿದಳು.

"ಕೆಲ್ಸ ಆಗೋವರ್ಗೂ ಕತ್ತೆ ಕಾಲೂ ಹಿಡೀತಾರೆ, ಸಿಸ್ಟರ್," ಎಂದಳು ಚರ್ಚಿನ ಮುದುಕಿ ಯೂಲಾ.

"ಅಂದ್ರೆ ನಾನು ಕತ್ತೆನಾ?"

"ಸಹಿ ಹಾಕ್ದೋಳು ನಾನೂ ಕತ್ತೇನೇ ಬಿಡೆ."

ಕಾಲೇಜು ಬಂತು. ಅದರ ಜೊತೆಗೇ ಯಾವ ಬೀದಿಯವರಿಗೆ ಪ್ರವೇಶ ಎಂಬ ಗಡಿಯೂ ಬಂತು, ಸರಿಯಾಗಿ ರೈಲುಹಳಿಯ ಮೇಲೆ.

ವರ್ಲೀನ್ ಚರ್ಚಿಗೆ ಹಾಕುವ ಬಿಳಿ ಕೈಗವಸು ತೊಟ್ಟು ತಾಯಿಯ ಜೊತೆ ಅರ್ಜಿ ಕೊಡಲು ಹೋದಳು. ಕಿಟಕಿಯಾಚೆ ಕೆಟರ್ಲಿಂಗನೇ ಕುಳಿತಿದ್ದ, ಈಗ ಕಾಲೇಜಿನ ಅಧಿಕಾರಿ.

"ಏನ್ ಬಂದೆ, ಅರ್ಡೀಲಿಯಾ?"

ಅಷ್ಟರಲ್ಲೇ ಅವಳಿಗೆ ಉತ್ತರ ತಿಳಿಯಿತು.

"ನಿನ್ ಮಗಳನ್ನ ಸೇರಿಸ್ಕೊಳಕ್ಕಾಗಲ್ಲ. ಹಳಿ ಆಚೆಯೋರು ನಮ್ಮ ಗಡಿಗೆ ಬರಲ್ಲ."

ಅವನ ತಲೆಯ ಮೇಲೆ, ಗೋಡೆಯಲ್ಲಿ, ಆ ಸಹಿಗಳ ಹಾಳೆಗೆ ಕಟ್ಟು ಹಾಕಿಸಿ ತೂಗುಹಾಕಿದ್ದರು. ಅವಳು ಬೆರಳು ತೋರಿಸಿದಳು. "ಅವತ್ತು ನಾನು ಈ ಊರಿನ ನಿವಾಸಿ ಆಗಿದ್ನಲ್ಲ ಸಾರ್? ಹಾಗಿದ್ರೆ ನಮ್ಮ ನೂರಾ ಹನ್ನೆರಡನ್ನೂ ಹೊಡೆದುಹಾಕಿ."

"ಹೊಡೆದ್ರೆ ಐನೂರು ಎಲ್ಲಾಗತ್ತೆ?" ಎಂದು ಅವನು ನಕ್ಕ. ಆಮೇಲೆ ಕನಿಕರದಿಂದಲೇ ಎಂಬಂತೆ ಸೇರಿಸಿದ: "ನೆಲ ಒರೆಸೋ ಕೆಲ್ಸ ಖಾಲಿ ಇದೆ ನೋಡು. ಅದಕ್ಕೆ ಗಡಿ ನೋಡಲ್ಲ."

ಅವನ ನಾಲಿಗೆ ಸೇದಿಹೋಗಲಿ ಎಂದು ಮನಸ್ಸಿನಲ್ಲೇ ಶಪಿಸಿ ಅವಳು ಹೊರಗೆ ಬಂದಳು.

ಹಳಿಯ ಹತ್ತಿರ ವರ್ಲೀನ್ ಕೈಗವಸು ಕಳಚುತ್ತ ಕೇಳಿದಳು: "ಅವನು ನಿನ್ನ ಮಿಸೆಸ್ ಅಂತ ಕರೆದಿದ್ದು ನಿಜಾನಾ ಅಮ್ಮ?"

"ಒಂದ್ಸಲ ಕರೆದಿದ್ದ. ನಿನ್ನ ಓದು ಕೊಟ್ಟು ಅದನ್ನ ತಗೊಂಡೆ ಕಣೇ."