ಕಿಟಕಿ ಪಕ್ಕದ ಜಾಗ

ದಿನಾ ಬೆಳಗ್ಗೆ ತಂಡದವರೆಲ್ಲ ಬೋರ್ಡಿನ ಮುಂದೆ ನಿಂತು, ಏನು ಮುಗಿಯಿತು, ಎಲ್ಲಿ ಸಿಕ್ಕಿಕೊಂಡಿದ್ದೇವೆ ಎಂದು ಒಬ್ಬೊಬ್ಬರಾಗಿ ಹೇಳುವುದು ಆ ಸಾಫ್ಟ್‌ವೇರ್ ಆಫೀಸಿನ ರೂಢಿ. ಹೇಳುವಾಗ ಯಾರೂ ಹೊಸ ಮ್ಯಾನೇಜರಮ್ಮನ ಮುಖ ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಕಿಟಕಿ ಪಕ್ಕದ ಖಾಲಿ ಜಾಗದ ಮೇಲೆ. ಅಲ್ಲಿ ನಿಲ್ಲುತ್ತಿದ್ದವರು ಹಳೆಯ ಮ್ಯಾನೇಜರು, ಅವಳ ಸ್ವಂತ ಭಾವ, ಅಕ್ಕನ ಗಂಡ. ಒಂದು ಸಂಜೆ ಕುರ್ಚಿಯಲ್ಲೇ ಎದೆ ಹಿಡಿದುಕೊಂಡು ಕುಸಿದವರು ಮತ್ತೆ ಏಳಲಿಲ್ಲ.

ಅದೇ ತಂಡದಲ್ಲಿ ತನ್ನ ಪಾಡಿಗೆ ಕೋಡ್ ಬರೆದುಕೊಂಡಿದ್ದವಳ ತಲೆಗೆ ಅವರ ಕೆಲಸ ಬಂತು. ಕಲಿಯಲೆಂದು ತರಬೇತಿಗೂ ಕಳಿಸಿದರು. ಆಗದ ಕೆಲಸವನ್ನು ಮೊದಲೇ ಪತ್ತೆ ಹಚ್ಚುವುದೇ ಮ್ಯಾನೇಜರ್ ಕೆಲಸ ಅಂದರು ಅಲ್ಲಿಯ ಮೇಷ್ಟ್ರು. ಪತ್ತೆ ಹಚ್ಚುವುದು ಹೇಗೆ, ಮಣ್ಣು! ಕೇಳಿದರೆ ಎಲ್ಲರದೂ ಒಂದೇ ರಾಗ, "ಆಗ್ತಾ ಇದೆ." ಆಗದೇ ಉಳಿದದ್ದೆಲ್ಲ ಸಂಜೆ ಮೆಲ್ಲಗೆ ಅವಳ ಮೇಜಿಗೆ ಬಂದು ಬೀಳುತ್ತಿತ್ತು. ಭಾವ ಮಾಡಿಟ್ಟ ಅಭ್ಯಾಸ ಅದು. ಯಾರ ಕೆಲಸ ನಿಂತರೂ ಸಣ್ಣಗೆ ಕೆಮ್ಮಿ, "ಬಿಡಿ, ನಾನು ನೋಡ್ಕೋತೀನಿ" ಎಂದು ತಮ್ಮ ಮೇಲೆ ಎಳೆದುಕೊಳ್ಳುತ್ತಿದ್ದರು.

ಅವರ ಕುರ್ಚಿಯನ್ನು ಅವಳು ಎಷ್ಟು ಇಳಿಸಿದರೂ ಅದು ಅವರ ಅಳತೆಗೇ ಏರಿ ನಿಲ್ಲುತ್ತಿತ್ತು. ಎಲ್ಲೋ ಸ್ಪ್ರಿಂಗ್ ಕೆಟ್ಟಿರಬೇಕು ಅಂದುಕೊಂಡಳು.

ಭಾನುವಾರ ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ತಂಡದ ಸೋಡಾಬುಡ್ಡಿ ಫೋನ್ ಮಾಡಿದ. ದಪ್ಪ ಕನ್ನಡಕದ ಆ ಹುಡುಗನಿಗೆ ತಂಡವಿಟ್ಟ ಹೆಸರು ಅದು. ಬಿಲ್ಲಿನ ಲೆಕ್ಕ ಎಷ್ಟು ತಿದ್ದಿದರೂ ತಪ್ಪು ಬರುತ್ತಿದೆಯಂತೆ. ಅವಳು ಸಣ್ಣಗೆ ಕೆಮ್ಮಿದಳು.

"ಬಿಡಪ್ಪಾ, ನಾನು ನೋಡ್ಕೋತೀನಿ."

ಅಡುಗೆಮನೆಯಿಂದ ಅಕ್ಕನ ದನಿ ಬಂತು. "ರೀ, ಊಟನಾದ್ರೂ ಮುಗಿಸ್ಕೊಂಡು ಹೋಗಿ."

ಅವಳ ಕೈ ತಟ್ಟೆಯಲ್ಲೇ ನಿಂತಿತು. ಒಳಗೆ ಪಾತ್ರೆಯ ಸದ್ದೂ ನಿಂತಿತು. ಅಕ್ಕ ಹೊರಗೆ ಬಂದು ತಂಗಿಯನ್ನು ನೋಡಿದವಳೇ ಗೋಡೆ ಹಿಡಿದು ಕೂತುಬಿಟ್ಟಳು.

"ಅವರಿಗೆ ಬೇಡ ಅನ್ನೋಕೆ ನಂಗೆ ಧೈರ್ಯ ಸಾಲ್ಲಿಲ್ಲ ಕಣೇ. ನಿಂಗೆ ಹೇಳ್ತಿದೀನಿ. ಬೇಡ."

ಮರುದಿನ ಬೆಳಗ್ಗೆ ಅವಳು ಹೋಗಿ ಕಿಟಕಿ ಪಕ್ಕದ ಆ ಜಾಗದಲ್ಲೇ ನಿಂತಳು. ಸೋಡಾಬುಡ್ಡಿಯ ಸರದಿ ಬಂದಾಗ, ಆಗ್ತಾ ಇದೆ ಅಂದ. ಅವಳ ಗಂಟಲಿನವರೆಗೆ ಆ ಕೆಮ್ಮು ಬಂತು, ಅದರ ಹಿಂದೆಯೇ ಆ ಮಾತೂ ಬಂತು. ಎರಡನ್ನೂ ನುಂಗಿಕೊಂಡಳು.

"ನಾನು ನೋಡ್ಕೊಳ್ಳಲ್ಲ. ಎಲ್ಲಿ ಸಿಕ್ಕಾಕ್ಕೊಂಡಿದೀಯ, ಎಲ್ಲರ ಮುಂದೆ ಹೇಳು."

ಅವನು ಕನ್ನಡಕ ತೆಗೆದು ಒರೆಸಿದ. ಮತ್ತೆ ಹಾಕಿಕೊಂಡು ತಲೆಯೆತ್ತಿದಾಗ ಅವನ ನೋಟ ಅವಳ ಮುಖದ ಮೇಲಿರಲಿಲ್ಲ. ಒಂದು ಗೇಣು ಮೇಲೆ, ಭಾವನ ಮುಖ ಇರುತ್ತಿದ್ದ ಎತ್ತರದಲ್ಲಿತ್ತು.

"ನಂಗೆ ಬರ್ತಿಲ್ಲ ಸರ್," ಅಂದ. "ನೀವಿದ್ದಾಗ್ಲೇ ಹೇಳ್ಬೇಕಿತ್ತು."

ಯಾರೂ ಅವನನ್ನು ತಿದ್ದಲಿಲ್ಲ.