ಇಪ್ಪತ್ತೈದನೆಯ ಬಟ್ಟಲು

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಹಿಂದಿನ ವರ್ಷ, ಹತ್ತಿ ಸುಗ್ಗಿಯಲ್ಲಿ, ಹಿರೇಬೆಂಡಿಗೇರಿಯಿಂದ ಯಲವಿಗಿ ಸ್ಟೇಷನ್ನಿಗೆ ಹೋದ ಗಾಡಿಯೊಳಗೆ ಒಂದು ಅಂಡಿಗೆ ಹತ್ತಿ ಸೀನಿತು. ತೂಕ ಮಾಡುತ್ತಿದ್ದ ಗುಮಾಸ್ತ ಹಮಾಲನ ಮುಖ ನೋಡಿದ. ಹಮಾಲ ಗುಮಾಸ್ತನ ಮುಖ ನೋಡಿದ. ಹತ್ತಿ ಇನ್ನೊಮ್ಮೆ ಸೀನಿತು. ಚೀಲದ ಬಾಯಿ ಬಿಚ್ಚಿ ನೋಡಿದರೆ ಒಳಗೆ ಹುಚ್ಚವ್ವನ ಮಗ ಗುದ್ಲೆಪ್ಪ, ಮೂರು ವರ್ಷದವನು, ಮೈತುಂಬ ಅರಳೆ ಮೆತ್ತಿಕೊಂಡು ಸುಖವಾಗಿ ಮಲಗಿದ್ದ. ಹೊಲದಲ್ಲಿ ಹತ್ತಿ ಬಿಡಿಸುವಾಗ ತಾಯಿ ಅವನನ್ನು ಅಂಡಿಗೆಯ ಮಗ್ಗುಲಿಗೆ ಕೂರಿಸಿದ್ದಳು; ಅವನು ಒಳಗೇ ಹಾಸಿಗೆ ಮಾಡಿಕೊಂಡಿದ್ದ. ಗುಮಾಸ್ತ ಕಟ್ಟುನಿಟ್ಟಿನ ಮನುಷ್ಯ. ಹುಡುಗನ ತೂಕ ಕಳೆದು ಹತ್ತಿಯ ಚೀಟಿ ಬರೆದುಕೊಟ್ಟ.

ಅದರ ಮರುದಿನವೇ ದಾನವ್ವ ಊರ ಹೆಂಗಸರನ್ನೆಲ್ಲ ಬಾವಿಯ ಹತ್ತಿರ ನಿಲ್ಲಿಸಿದಳು. ದಾನವ್ವ ಆ ಊರಿನ ಸೂಲಗಿತ್ತಿ. ಗಂಡನಿಲ್ಲ, ಸ್ವಂತ ಮಕ್ಕಳಿಲ್ಲ, ಆದರೆ ಓಣಿಯಲ್ಲಿ ಓಡಾಡುವ ಅರ್ಧ ಮಂದಿಯ ಹೊಕ್ಕುಳು ಕೊಯ್ದವಳು ಅವಳೇ.

"ಹೊಲಕ್ಕ ಹೋಗೂವಾಗ ಕೂಸುಗೋಳನ್ನ ನನ್ನ ಕಡೆ ಬಿಟ್ಟು ಹೋಗ್ರೆವ್ವಾ," ಎಂದಳು. "ನಾ ಓದು ಬರಹ ಕಲಸೂದಿಲ್ಲ. ಸಂಜೀಮಟ ಜ್ವಾಕಿ ಮಾಡ್ತೇನಿ, ಅಷ್ಟ. ಯಲವಿಗಿಗಂತೂ ಹೋಗಾಕ ಬಿಡೂದಿಲ್ಲ."

ಹೀಗೆ, ಆ ವರ್ಷದ ಹತ್ತಿ ಆಗಲೇ ಸಾಗಿಸಿ ಖಾಲಿ ಬಿದ್ದಿದ್ದ ಕರಿಬಸಪ್ಪ ಗೌಡರ ಗೋದಾಮಿನಲ್ಲಿ ಮಕ್ಕಳ ಮನೆ ಶುರುವಾಯಿತು. ಊರವರು ಅದನ್ನು ಕೂಸಿನ ದೊಡ್ಡಿ ಎಂದು ಕರೆದರು. ಪ್ರತಿ ಕೂಸೂ ಮನೆಯಿಂದ ಒಂದು ಬಟ್ಟಲು ತರಬೇಕು, ಮಧ್ಯಾಹ್ನ ಅದರಲ್ಲಿ ನುಚ್ಚು ಮಜ್ಜಿಗೆ. ಸಂಜೆ ಮನೆಗೆ ಕಳಿಸುವ ಮುಂಚೆ ದಾನವ್ವ ಬಟ್ಟಲು ಎಣಿಸುತ್ತಿದ್ದಳು. ಮಕ್ಕಳನ್ನು ಎಂದೂ ಎಣಿಸಿದವಳಲ್ಲ. ಜೀವ ಇರುವ ಕೂಸನ್ನು ಬೆರಳು ಮಾಡಿ ಎಣಿಸಿದರೆ ಅದಕ್ಕೆ ಏಳಿಗೆಯಿಲ್ಲ ಎಂಬುದು ಆ ಊರಿನಲ್ಲಿ ಯಾರೂ ಯಾರಿಗೂ ಹೇಳಿಕೊಡಬೇಕಾದ ಸಂಗತಿಯಾಗಿರಲಿಲ್ಲ.

ಒಂದು ವರ್ಷ ಚೆನ್ನಾಗಿಯೇ ನಡೆಯಿತು. ಮತ್ತೆ ಹತ್ತಿ ಒಡೆಯತೊಡಗಿದಾಗ ಗೌಡರು ಬಂದು ಬಾಗಿಲಲ್ಲಿ ನಿಂತರು.

"ದಾನವ್ವಾ, ಗೋದಾಮು ಬಿಡಬೇಕಾಗ್ತೈತಿ. ಹತ್ತಿ ಎಲ್ಲಿ ಇಡಲಿ ನಾ?"

"ಹತ್ತಿ ಬಂದಾಗನ ಅಲ್ರೀ ಗೌಡ್ರ, ಅವ್ವಂದಿರು ಹೊಲಕ್ಕ ಹೋಗೂದು. ಹತ್ತಿ ಒಳಗ ಬಂದ್ರ ಕೂಸು ಎಲ್ಲಿಗೆ ಹೋಗ್ಬೇಕ್ರಿ?"

"ಅದು ನಂಗ ಗೊತ್ತಿಲ್ಲ. ಹೊರಗಿಂದ ಯಾರರೆ ರೊಕ್ಕ ಕೊಟ್ಟು ಬಾಡಿಗಿ ಕಟ್ಟಿದ್ರ ಹತ್ತಿ ನಮ್ಮ ಪಡಸಾಲ್ಯಾಗ ಇಟ್ಟಕೋತೇನಿ. ಇಲ್ಲಂದ್ರ ಇಲ್ಲ. ಶಿವರಾತ್ರಿಮಟ ನೋಡ್ತೇನಿ."

ಗೌಡರು ಕೆಟ್ಟವರಲ್ಲ. ಪುಕ್ಕಟೆ ಕೊಟ್ಟದ್ದು ಅವರ ಹೊಟ್ಟೆಯಲ್ಲಿ ಜೀರ್ಣವಾಗುತ್ತಿರಲಿಲ್ಲ, ಅಷ್ಟೆ. ಹೋಗುವಾಗ ಗೋದಾಮಿನ ಮೂಲೆಯಲ್ಲಿ ಒಂದು ರಾಶಿ ಹತ್ತಿ ಸುರುವಿಸಿಯೇ ಹೋದರು, ಮೋಟಾರು ಬಸ್ಸಿನಲ್ಲಿ ಟವೆಲು ಹಾಸಿ ಜಾಗ ಹಿಡಿಯುವ ಹಾಗೆ.

ದಾನವ್ವ ಸೀರೆ ಬಿಗಿದುಕೊಂಡು ಹೊರಟಳು. ಮೊದಲು ಹಾನಗಲ್ಲಿನ ಅಕ್ಕಿ ವ್ಯಾಪಾರಿಯ ಹತ್ತಿರ ಹೋದಳು. ಅವನು ಕೊಡಲು ತಯಾರಿದ್ದ, ಆದರೆ ಗೋಡೆಯಲ್ಲಿ ತನ್ನ ಹೆಸರಿನ ಕಲ್ಲು ಕೂರಿಸಬೇಕಂತೆ, ತನ್ನ ತಂದೆಯ ಹೆಸರೂ ಇರಬೇಕಂತೆ, ಮುತ್ತಜ್ಜನ ಹೆಸರೂ ಇರಬೇಕಂತೆ. ಕಲ್ಲು ಕೆತ್ತುವವನನ್ನು ಕರೆಸಿ ಲೆಕ್ಕ ಹಾಕಿದಾಗ ಕೊಡುವ ಹಣವೆಲ್ಲ ಕಲ್ಲಿಗೇ ಮುಗಿಯಿತು.

"ಕಲ್ಲು ಆತು. ಕೂಸಿಗೇನ್ರಿ?" ಎಂದಳು ದಾನವ್ವ.

"ಕಲ್ಲು ನೋಡ್ಕೋತ ಆಡ್ತಾವು ಬಿಡವ್ವ," ಎಂದ ವ್ಯಾಪಾರಿ.

ಸವಣೂರಿನ ಎಲೆ ವ್ಯಾಪಾರಿ ಶೇಖಸಾಬನದು ದೊಡ್ಡ ಮನಸ್ಸು. ಆ ವರ್ಷ ಅವನ ಕೈಯಲ್ಲಿ ರೊಕ್ಕವಿರಲಿಲ್ಲ. ನೂರು ವೀಳ್ಯದೆಲೆ ಕಟ್ಟಿಕೊಟ್ಟ. "ಹಲ್ಲು ಬಂದ ಮ್ಯಾಲ ತಿನ್ನಲಿ, ಅವ್ವಾ," ಎಂದ. ಹಿರೇಕೆರೂರಿನ ಸಂತೆಯಲ್ಲಿ ಒಬ್ಬ ದಲಾಲಿ ಅವಳನ್ನು ಕೂರಿಸಿಕೊಂಡು, ಮಕ್ಕಳನ್ನು ಹೇಗೆ ಬೆಳೆಸಬೇಕೆಂದು ಸಂತೆ ಮುಗಿಯುವವರೆಗೂ ತಿಳಿಸಿ ಹೇಳಿದ. ಅವನಿಗೆ ಮದುವೆಯೇ ಆಗಿರಲಿಲ್ಲ. ಕೊನೆಯ ಮೋಟಾರು ಹೋಗಿಬಿಟ್ಟಿತ್ತು. ಯಾವುದಾದರೂ ಚಕ್ಕಡಿಗೆ ಹತ್ತಿಸಿ ಕಳಿಸಪ್ಪಾ ಎಂದರೆ, ನಡೆದರೆ ಮೈಗೆ ಒಳ್ಳೆಯದು ಎಂದ.

ಶಿವರಾತ್ರಿಗೆ ಹತ್ತು ದಿನ ಇದ್ದಾಗ ಸಾಲೆಯ ಉಡಚಪ್ಪ ಮಾಸ್ತರರು ಒಂದು ಕಾಗದ ಹಿಡಿದುಕೊಂಡು ಬಂದರು. ಧಾರವಾಡದ ಶಿಶುಹಿತ ಮಂಡಳಿಯವರು ಹಳ್ಳಿಯ ಶಿಶುವಿಹಾರಗಳಿಗೆ ವಾರ್ಷಿಕ ಅನುದಾನ ಕೊಡುತ್ತಾರಂತೆ.

"ನಮ್ಮದು ಶಿಶುವಿಹಾರ ಅಲ್ರೀ ಮಾಸ್ತರ್ರ, ದೊಡ್ಡಿ," ಎಂದಳು ದಾನವ್ವ.

"ನಾ ಕಳಿಸಿದ ಅರ್ಜಿಯಾಗ ಶಿಶುವಿಹಾರ ಅಂತ ಬರದೇನಿ. ಆತಲ್ಲ. ಈಗ ಷರತ್ತು ಕೇಳು. ಹುಡುಗೂರು ಇಪ್ಪತ್ತೈದಕ್ಕ ಕಡಿಮಿ ಇರಬಾರದು. ಸ್ವಚ್ಛ ಇರಬೇಕು. ಮಂಡಳಿ ಸಾಹೇಬ್ರು ಖುದ್ದು ಬಂದು ನೋಡಿ ಎಣಸ್ತಾರ."

ದಾನವ್ವ ಕಣ್ಣು ಮುಚ್ಚಿ ಬಟ್ಟಲುಗಳನ್ನು ನೆನಪಿಸಿಕೊಂಡಳು. ಕಂಚಿನವು, ಹಿತ್ತಾಳೆಯವು, ಕಿವಿ ಮುರಿದ ಒಂದು, ಮಣ್ಣಿನವು ಮೂರು. ಸರಿಯಾಗಿ ಇಪ್ಪತ್ತೈದು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಸಾಹೇಬರು ಬರುವ ಹಿಂದಿನ ದಿನ ಅವಳು ಮನೆಮನೆಗೆ ಹೋದಳು. "ನಾಳೆ ಧಾರವಾಡದಿಂದ ಸಾಹೇಬ್ರು ನಿಮ್ಮ ಕೂಸುಗೋಳನ್ನ ನೋಡಾಕಂತನ ಬರಾಕತ್ತಾರ. ಚೊಲೋತಂಗ ತೊಳದು, ಕಣ್ಣು ತುಂಬೂ ಹಂಗ ಮಾಡಿ ಕಳಸ್ರಿ," ಎಂದು ಹೇಳಿ ಬಂದಳು. ಎಲ್ಲರೂ ಹೂಂಗುಟ್ಟಿದರು.

ಅರವತ್ತು ವರ್ಷ ಅದೇ ಊರಲ್ಲಿ ಬದುಕಿದವಳು ಇಂಥ ಮಾತು ಆಡಬಾರದಿತ್ತು. ಸಾಹೇಬರು ಗೋದಾಮಿನ ತೊಲೆ ನೋಡಲು ಬರುತ್ತಾರೆ ಎಂದಿದ್ದರೆ ಎಲ್ಲ ಸುಸೂತ್ರವಾಗುತ್ತಿತ್ತು.

ಬೆಳಿಗ್ಗೆ ಮಕ್ಕಳು ಬಂದರು. ದಾನವ್ವನಿಗೆ ಯಾವ ಕೂಸು ಯಾರದೆಂದು ಗುರುತೇ ಹತ್ತಲಿಲ್ಲ. ಒಂದರ ಕೆನ್ನೆ ಪೂರ್ತಿ ರೊಟ್ಟಿಹಂಚಿನ ಮಸಿ. ಇನ್ನೊಂದರ ಹಣೆಗೆ ಅಂಗೈಯಗಲ ಕಾಡಿಗೆ. ಮುದಕವ್ವನ ಮಗಳು ಚೀಲದಲ್ಲಿ ತೂತು ಕೊರೆದು ಮಾಡಿದ ಅಂಗಿ ಹಾಕಿಕೊಂಡಿದ್ದಳು. ಅಂದು ಯಾವ ತಾಯಿಯೂ ಹೊಲಕ್ಕೆ ಹೋಗಿರಲಿಲ್ಲ. ಎಲ್ಲರೂ ಗೋಡೆಗೆ ಒರಗಿ ಕಾವಲು ನಿಂತಿದ್ದರು.

"ಏನ್ರೆ ಇದು?" ಎಂದಳು ದಾನವ್ವ.

"ನೋಡಾಕಂತನ ಬರ್ತಾನ ಅಂದಿ," ಎಂದಳು ಮುದಕವ್ವ. "ಪರಊರಾಂವ. ಅಂವನ ಕಣ್ಣು ಎಂಥಾದೋ ಏನೋ."

"ತೊಳೀರಿ ಅಂದಿದ್ದೆ."

"ತೊಳದೇವಿ ಆಯಿ. ತೊಳದ ಮ್ಯಾಲನ ಮಸಿ ಹಚ್ಚೇವಿ. ಹೊಲಸ ಮಾರಿಗೆ ಮಸಿ ಹತ್ತೂದಿಲ್ಲ."

ಹುಚ್ಚವ್ವ ಮಾತ್ರ ಬರಿಗೈಯಲ್ಲಿ ನಿಂತಿದ್ದಳು. ಊರಿನಲ್ಲೇ ಗುಂಡುಗುಂಡಾದ ಕೂಸು ಅವಳದು.

"ನಿನ್ನ ಗುದ್ಲ್ಯಾ ಎಲ್ಲಿ?"

"ತಡಸ ಊರಾಗಿನ ಅವರ ಅಜ್ಜಿ ಮನಿಗೆ ಹೋಗ್ಯಾನ, ಆಯಿ."

"ಯಾವಾಗ?"

"ಈಗ."

"ಒಬ್ಬನ?"

ಹುಚ್ಚವ್ವ ತೊಲೆ ನೋಡಿದಳು. ಅಷ್ಟರಲ್ಲಿ ಶಿಗ್ಗಾವಿಯ ಟಾಂಗಾ ಬಂದು ಬಾಗಿಲಲ್ಲಿ ನಿಂತಿತು.

ಇಳಿದ ಸಾಹೇಬರು ಇಪ್ಪತ್ತೈದರ ಪ್ರಾಯದವರು. ಕಿವಿ ಮುಚ್ಚುವಷ್ಟು ದೊಡ್ಡ ಹ್ಯಾಟು, ಕೈಯಲ್ಲಿ ಹೊಸ ಪುಸ್ತಕ. ಅದು ಅವರ ಮೊದಲನೆಯ ತಿರುಗಾಟ. ಹಿಂದೆ ಮಂಡಳಿಯ ಸಿಪಾಯಿ ಗೌಸಸಾಬ, ಇಂಥ ಎಷ್ಟೋ ಮಂದಿ ಸಾಹೇಬರನ್ನು ಪಳಗಿಸಿದವನು. ಗೌಡರೂ ಬಂದು ಬಾಗಿಲಿಗೆ ಆತುಕೊಂಡರು.

ಸಾಹೇಬರು ಮಕ್ಕಳನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದರು. "ಇವ್ರು ಇಲ್ಲೇ ಇದ್ದಲಿ ಸುಡತಾರೇನ್ರಿ?" ಎಂದು ಮಾಸ್ತರರನ್ನು ಮೆಲ್ಲಗೆ ಕೇಳಿದರು. "ಇರಲಿ, ಮೊದಲು ಎಣಸೋಣು," ಎಂದು ಸಾಹೇಬರು ಬೆರಳು ಎತ್ತಿದರು. "ಒಂದು, ಎರಡು..."

ಗೋಡೆಗೆ ಒರಗಿದ್ದ ಹೆಂಗಸರೆಲ್ಲ ಒಮ್ಮೆಲೇ ನುಗ್ಗಿದರು. ಒಬ್ಬಳು ತನ್ನ ಕೂಸನ್ನು ಬೆನ್ನ ಹಿಂದೆ ಮರೆಮಾಡಿದಳು, ಒಬ್ಬಳು ಸೆರಗಿನೊಳಗೆ ಹಾಕಿಕೊಂಡಳು, ಮತ್ತೊಬ್ಬಳು ಆಚೆ ಸಾಲಿನದನ್ನು ಈಚೆಗೆ ತಂದು ಕೂರಿಸಿದಳು. ಮೊದಲನೆಯ ಸಲ ಹತ್ತೊಂಬತ್ತು ಬಂತು. ಎರಡನೆಯ ಸಲ ಮೂವತ್ತೊಂದು. ಅದರಲ್ಲಿ ಒಂದು ಆಡಿನ ಮರಿ.

"ಆಯೀ, ಇವ್ರು ಸ್ವಲ್ಪ ಕುಂಡ್ರೂದಿಲ್ಲೇನು?" ಎಂದರು ಸಾಹೇಬರು, ಬೆವರು ಒರೆಸಿಕೊಳ್ಳುತ್ತ.

"ಕೂಸು ಎಣಸಿದ್ರ ಯಾವ ತಾಯಿನೂ ಕುಂಡ್ರೂದಿಲ್ರಿ," ಎಂದಳು ದಾನವ್ವ. "ಬಟ್ಟಲ ಎಣಸ್ರಿ. ನಾನೂ ಅದನ್ನ ಮಾಡೂದು. ಒಂದು ಬಾಯಿಗೆ ಒಂದು ಬಟ್ಟಲ. ಬಟ್ಟಲಕ್ಕ ದೃಷ್ಟಿ ಆಗೂದಿಲ್ರಿ."

ಸಾಹೇಬರು ಗೌಸಸಾಬನನ್ನು ನೋಡಿದರು. "ನಮ್ಮ ಅಮ್ಮಾನೂ ಹಂಗ ಮಾಡ್ತಿದ್ಲರಿ, ಹನ್ನೊಂದು ಮಂದಿ ನಾವು," ಎಂದ ಗೌಸಸಾಬ. ಮಕ್ಕಳು ಬಟ್ಟಲುಗಳನ್ನು ಸಾಲಾಗಿ ಇಟ್ಟರು. ಹೆಂಗಸರು ಹಿಂದೆ ಸರಿದು ನಿಂತರು. ಸಾಹೇಬರು ಬಗ್ಗಿ ಎಣಿಸಿದರು.

ಇಪ್ಪತ್ತನಾಲ್ಕು.

ಇನ್ನೊಮ್ಮೆ ಎಣಿಸಿದರು. ಇಪ್ಪತ್ತನಾಲ್ಕೇ.

"ಒಂದು ಕಡಿಮಿ ಆತಲ್ರಿ ಆಯೀ. ನಾ ಏನು ಮಾಡ್ಲಿ?" ಅವರ ದನಿಯಲ್ಲಿ ನಿಜವಾಗಿಯೂ ಬೇಸರವಿತ್ತು. ಪುಸ್ತಕ ಮುಚ್ಚಿದರು. ಗೌಡರು ಹೊರಗೆ ನಿಂತ ಆಳಿಗೆ, ಹತ್ತಿಯ ಗಾಡಿ ತರಲು ಕಣ್ಣಲ್ಲೇ ಹೇಳಿದರು. ದಾನವ್ವ ಹುಚ್ಚವ್ವನನ್ನೇ ನೋಡುತ್ತಿದ್ದಳು. ಹುಚ್ಚವ್ವ ಕಾಲ ಹೆಬ್ಬೆರಳಿನಿಂದ ನೆಲ ಕೆರೆಯುತ್ತಿದ್ದಳು.

ಆಗ ಮೂಲೆಯಲ್ಲಿದ್ದ ಹತ್ತಿ ಸೀನಿತು.

ಹುಚ್ಚವ್ವ ಒಡನೆಯೇ ಜೋರಾಗಿ ಕೆಮ್ಮಿದಳು. ಹತ್ತಿ ಮತ್ತೂ ಸೀನಿತು. ಹುಚ್ಚವ್ವ ಮತ್ತೂ ಕೆಮ್ಮಿದಳು.

"ನನ್ನ ಹತ್ತಿಗೆ ನೆಗಡಿ ಆಗೇತೇನು?" ಎಂದರು ಗೌಡರು.

ರಾಶಿ ಅಲುಗಾಡಿತು. ಒಂದು ಕೈ ಬಂತು, ಆ ಕೈಯಲ್ಲಿ ಕಿವಿ ಮುರಿದ ಬಟ್ಟಲು. ಹಿಂದೆಯೇ ಗುದ್ಲೆಪ್ಪ ಬಂದ. ಹತ್ತಿಯಲ್ಲಿ ಅಡಗಿಸಿ ಇಡುವ ಕೂಸಿಗೆ ಮಸಿ ಯಾಕೆಂದು ತಾಯಿ ಹಚ್ಚಿರಲಿಲ್ಲ. ಎರೆದು, ಎಣ್ಣೆ ತಿಕ್ಕಿ, ತಲೆ ಬಾಚಿ, ಬೆಳ್ಳಿಯ ಉಡಿದಾರ ಕಟ್ಟಿ, ಗದ್ದಲ ಮಾಡದಿರಲೆಂದು ಬಟ್ಟಲಲ್ಲಿ ಬೆಲ್ಲ ಹಾಕಿ ಕೂರಿಸಿದ್ದಳು. ಬೆಲ್ಲ ಮುಗಿದಿತ್ತು. ಅವನು ಸಾಲಾಗಿಟ್ಟ ಬಟ್ಟಲುಗಳನ್ನು ನೋಡಿದ; ನೋಡಿದವನೇ ಹೋಗಿ ತನ್ನದನ್ನೂ ಕೊನೆಗೆ ಇಟ್ಟು ಕುಕ್ಕುರುಗಾಲಲ್ಲಿ ಕುಳಿತ.

"ನುಚ್ಚು ಹಾಕು," ಎಂದ.

"ಇಪ್ಪತ್ತೈದು," ಎಂದರು ಸಾಹೇಬರು. ಸಂತೋಷದಲ್ಲಿ ಬಾಯಿ ತಪ್ಪಿತು. "ಎಷ್ಟು ಚಂದ ಐತಿ ಹುಡುಗ. ಎಷ್ಟು ದುಂಡಗ..."

ಹುಚ್ಚವ್ವ ತಲೆಯ ಮೇಲೆ ಕೈಹೊತ್ತು ಕುಳಿತಳು. ಮುದಕವ್ವ ಮಗಳನ್ನು ಎತ್ತಿಕೊಂಡು ಬಾಗಿಲ ಕಡೆ ನಡೆದಳು. ಅವಳ ಹಿಂದೆ ಇನ್ನಿಬ್ಬರು ಬಟ್ಟಲುಗಳನ್ನು ಎತ್ತಿಕೊಳ್ಳತೊಡಗಿದರು.

"ಸಾಹೇಬ್ರ," ಎಂದಳು ದಾನವ್ವ, "ಲಗೂನ ಆ ಕೂಸಿಗೆ ಏನರೆ ಕೆಟ್ಟ ಮಾತು ಅನ್ರಿ. ಇಲ್ಲಂದ್ರ ಇನ್ನೊಂದು ಘಳಿಗ್ಯಾಗ ನಿಮಗ ಎಣಸಾಕ ನಾ ಒಬ್ಬಾಕಿನ ಉಳೀತೇನಿ."

"ಆಯೀ, ನಾ ಕಲತಾಂವ. ಇಂಥಾದ್ದನ್ನೆಲ್ಲ ನಂಬೂದಿಲ್ಲ."

ಗೌಸಸಾಬ ಮುಂದೆ ಬಂದ. "ಸಾಹೇಬ್ರ, ಎಡಗಿವಿ," ಎಂದ ಮೆಲ್ಲಗೆ.

ಸಾಹೇಬರ ಕೈ ತಾನಾಗಿಯೇ ಹ್ಯಾಟಿನ ಕೆಳಗೆ, ಎಡಗಿವಿಯ ಹಿಂದೆ ಹೋಯಿತು. ಹೊರಗೆ ಬಂದಾಗ ಬೆರಳ ತುದಿ ಕಪ್ಪಗಾಗಿತ್ತು. ಅಷ್ಟು ಮಂದಿ ಹೆಂಗಸರು ಅದನ್ನು ನೋಡಿದರು.

"ನಮ್ಮವ್ವ," ಎಂದರು ಸಾಹೇಬರು. ಮುಖ ಕೆಂಪಾಗಿತ್ತು. "ಬ್ಯಾಡ ಅಂದಿದ್ದೆ. ಮೊದಲನೇ ತಿರುಗಾಟ ಅಂತ..."

"ಚೊಲೋ ಮಾಡ್ಯಾಳ," ಎಂದಳು ಮುದಕವ್ವ, ಬಾಗಿಲಿಂದ ಹಿಂದಿರುಗಿ. "ಬರೋಬ್ಬರಿ ಇಟ್ಟಾಳ. ಕಿವಿ ಹಿಂದನ ಇಡಬೇಕು."

ಸಾಹೇಬರು ಬೆರಳನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಬಗ್ಗಿ ಅದನ್ನು ಗುದ್ಲೆಪ್ಪನ ಕೆನ್ನೆಗೆ ಒರೆಸಿದರು. "ಥೂ," ಎಂದರು. "ಎಂಥಾ ಕಾಗಿ ಮಾರಿ ಹುಡುಗ ಇದು."

ಹುಚ್ಚವ್ವನ ಮುಖ ಅರಳಿತು. ಮುದಕವ್ವ ಮಗಳನ್ನು ಮುಂದೆ ತಳ್ಳಿದಳು. "ನಮ್ಮದಕ್ಕೂ ಒಂದು ಅನ್ರಿ ಸಾಹೇಬ್ರ. ಇದನ್ನೂ ನೋಡೀರಿ ನೀವು."

"ಇದು... ಗೂಗಿ ಹಂಗ ಐತಿ."

"ನಮ್ಮದಕ್ಕ?"

ತಾಯಂದಿರು ಪಾಳಿ ಹಚ್ಚಿದರು. ಸಾಹೇಬರು ಒಳ್ಳೆಯ ಮನೆಯಲ್ಲಿ ಬೆಳೆದವರು. ಹತ್ತನೆಯ ಕೂಸಿಗೇ ಅವರ ಬೈಗುಳ ತೀರಿತು. ಉಳಿದದ್ದನ್ನು ಗೌಸಸಾಬ ವಹಿಸಿಕೊಂಡ. ಒಂದನ್ನು ಹಳೇ ಕೊಡಪಾನ ಎಂದ, ಒಂದನ್ನು ಬಾಡಿದ ಬದನೇಕಾಯಿ ಎಂದ. ಕೊನೆಗೆ ಉಳಿದ ಆಡಿನ ಮರಿಯನ್ನು ಮಾತ್ರ ಚೆನ್ನಾಗಿದೆ ಎಂದ.

ಹೋಗುವ ಮುಂಚೆ ಸಾಹೇಬರು ಪುಸ್ತಕ ತೆಗೆದರು. 'ಸ್ವಚ್ಛತೆ' ಎಂಬ ಅಂಕಣದ ಮುಂದೆ ಬಹಳ ಹೊತ್ತು ಪೆನ್ಸಿಲು ನಿಂತಿತು.

"ತೊಳದ ಮ್ಯಾಲನ ಹಚ್ಚೇವ್ರಿ," ಎಂದು ಮುದಕವ್ವ ನೆನಪಿಸಿದಳು.

ಸಾಹೇಬರು ಬರೆದರು: "ಸ್ವಚ್ಛ. ಮಸಿಯ ಕೆಳಗೆ."

ಶಿವರಾತ್ರಿಯ ಹಿಂದಿನ ದಿನ ಮಂಡಳಿಯ ಕಾಗದ ಬಂತು. ಅನುದಾನ ಮಂಜೂರು, ಗೋದಾಮಿನ ಬಾಡಿಗೆಯೂ ಅದರಲ್ಲೇ ಸೇರಿತ್ತು. ಮಾಸ್ತರರು ಗೋದಾಮಿನ ನಡುವೆ ನಿಂತು ಗಟ್ಟಿಯಾಗಿ ಓದಿದರು. "ಈ ಭಾಗದಲ್ಲೇ ಇಷ್ಟು ಸುಂದರವಾದ ಶಿಶುವಿಹಾರ ಇನ್ನೊಂದಿಲ್ಲ," ಎಂಬಲ್ಲಿಗೆ ಬಂದಾಗ ದಾನವ್ವ ಎದ್ದು ಕಾಗದ ಕಸಿದುಕೊಂಡಳು. ಒಲೆಯ ಹತ್ತಿರ ಹೋಗಿ, ರೊಟ್ಟಿಹಂಚಿನ ಅಡಿಯಲ್ಲಿ ಬೆರಳು ಆಡಿಸಿ, ಆ ಸಾಲಿನ ಮೇಲೆಯೇ ದುಂಡಗೆ ಒಂದು ಬೊಟ್ಟು ಇಟ್ಟಳು. ಆಮೇಲೆ ಗೋಡೆಗೆ ತೂಗಹಾಕಿದಳು.

ಗೌಡರ ಹತ್ತಿ ಆ ವರ್ಷ ಅವರ ಪಡಸಾಲೆಯಲ್ಲೇ ಬಿತ್ತು. ಮನೆಮಂದಿಯೆಲ್ಲ ಯುಗಾದಿವರೆಗೆ ಸೀನಿದರು. ಬಾಡಿಗೆ ತೆಗೆದುಕೊಳ್ಳಲು ಬಂದ ದಿನ ಗೌಡರು ಮೂಗು ಒರೆಸಿಕೊಳ್ಳುತ್ತ ಒಳಗೆ ಇಣುಕಿದರು. ಮಕ್ಕಳು ಮೊದಲಿಗಿಂತ ಹೆಚ್ಚಾಗಿದ್ದಂತೆ ಕಂಡಿತು.

"ಎಷ್ಟು ಆದುವು ದಾನವ್ವಾ ಈಗ, ಹುಡುಗೂರು?"

"ಬಟ್ಟಲ ಇಪ್ಪತ್ತೊಂಬತ್ರೀ ಗೌಡ್ರ," ಎಂದಳು ದಾನವ್ವ.